ಟೋಟಲ್ ಟ್ಯಾಲಿ ಆಯ್ತು, ರಿಯಾಕ್ಷನ್ ಮಾತ್ರ ತಪ್ಪು: ಕಂಟಿನ್ಯೂಯಸ್ ಬೀಮ್‌ನಲ್ಲಿ ದೋಷ ಹುಡುಕುವ ಬಗೆ

ಪುಣೆಯ ಆರ್‌ಸಿಸಿ ಡಿಸೈನ್ ಆಫೀಸುಗಳಲ್ಲಿ ನಮ್ಮ ಕಡೆಯ ಹುಡುಗರು ಬೇಕಾದಷ್ಟು ಜನ ಇದ್ದಾರೆ. ವಿಜಯಪುರ, ಕಲಬುರಗಿ, ಬೆಳಗಾವಿ, ಎಲ್ಲ ಕಡೆಯವರೂ. ಕಂಟಿನ್ಯೂಯಸ್ ಬೀಮ್‌ನ (ಮೂರು ಅಥವಾ ಜಾಸ್ತಿ ಸಪೋರ್ಟ್ ಮೇಲೆ ತುಂಡಾಗದೆ ಹಾಯುವ ಬೀಮ್) ಲೆಕ್ಕದ ಶೀಟ್ ಹಿಡಿದು ಬಂದಾಗ ಅವರು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಸರ್, ಟೋಟಲ್ ಕರೆಕ್ಟ್ ಟ್ಯಾಲಿ ಆಗೈತ್ರಿ, ಆದ್ರ ಸ್ಟಾಡ್‌ನ್ಯಾಗ ಬ್ಯಾರೇನ ಬರಾಕತ್ತೈತಿ." ಸ್ಟಾಡ್ ಅಂದರೆ ಕಟ್ಟಡದ ಲೆಕ್ಕ ಮಾಡುವ ಸಾಫ್ಟ್‌ವೇರ್; ಟೋಟಲ್ ಅಂದರೆ ಎಲ್ಲಾ ರಿಯಾಕ್ಷನ್‌ಗಳ, ಅಂದರೆ ಒಂದೊಂದು ಸಪೋರ್ಟ್ ಹೊರುವ ಪಾಲಿನ, ಮೊತ್ತ. ಟೋಟಲ್ ಟ್ಯಾಲಿ ಆಗಿದೆ ಅನ್ನೋದನ್ನು ಅವರು ಸಾಕ್ಷಿಯ ಹಾಗೆ ಮುಂದಿಡುತ್ತಾರೆ. ಕಂಟಿನ್ಯೂಯಸ್ ಬೀಮ್‌ನಲ್ಲಿ ಅದು ಸಾಕ್ಷಿಯೇ ಅಲ್ಲ. ಯಾಕೆ ಅಲ್ಲ, ಮತ್ತೆ ಏನನ್ನು ನೋಡಿ ತಪ್ಪು ಹಿಡಿಯಬೇಕು ಅಂತ ಒಂದೇ ಬೀಮ್ ಇಟ್ಟುಕೊಂಡು ನೋಡೋಣ.

ಬೀಮ್ ಹೀಗಿದೆ. ಎ, ಬಿ, ಸಿ ಅಂತ ಮೂರು ಸಪೋರ್ಟ್. ಎ‌ಯಿಂದ ಬಿ‌ಗೆ 6 ಮೀಟರ್, ಬಿ‌ಯಿಂದ ಸಿ‌ಗೆ 4 ಮೀಟರ್. ಉದ್ದಕ್ಕೂ ಮೀಟರಿಗೆ 30 ಕಿಲೋನ್ಯೂಟನ್, ಅಂದರೆ ನಾವು ಆಫೀಸಲ್ಲಿ ಹೇಳುವ ಹಾಗೆ 30 ಕೆಎನ್ ಯುಡಿಎಲ್ (ಸಮವಾಗಿ ಹರಡಿದ ಲೋಡ್). ಸೈಜು 230 × 450 ಮಿಲಿಮೀಟರ್, ಎಂ25 ದರ್ಜೆಯ ಕಾಂಕ್ರೀಟ್. ಸದ್ಯಕ್ಕೆ ಮೂರೂ ಕಡೆ ಬೀಮ್ ಸುಮ್ನೆ ಕೂತಿದೆ ಅಂತ ಇಟ್ಟುಕೊಳ್ಳಿ, ಕಾಲಮ್‌ನ ಬಿಗಿತ ಆಮೇಲೆ ನೋಡೋಣ.

ಶೀಟಿನಲ್ಲಿ ಬಂದ ರಿಯಾಕ್ಷನ್, ಕೆಎನ್ ಲೆಕ್ಕದಲ್ಲಿ: ಎ 107.5, ಬಿ 106.25, ಸಿ 86.25. ಕೂಡಿಸಿ ನೋಡಿ, 300. ಒಟ್ಟು ಲೋಡ್ 30 × 10 = 300. ಟ್ಯಾಲಿ. ಇನ್ನೂ ಹುಷಾರಿರುವವರು ಸಿ ಸುತ್ತ ಮೊಮೆಂಟ್ (ಬಲ × ದೂರ) ತೆಗೆದು ನೋಡುತ್ತಾರೆ: 107.5 × 10 + 106.25 × 4 = 1500, ಲೋಡಿನದು 300 × 5 = 1500. ಅದೂ ಟ್ಯಾಲಿ. ಆದರೆ ಸರಿಯಾದ ಉತ್ತರ ಎ 72.5, ಬಿ 193.75, ಸಿ 33.75. ನಡುವಿನ ಕಾಲಮ್‌ಗೆ ಒಂದು ಮಹಡಿಗೆ 87.5 ಕೆಎನ್ ಕಮ್ಮಿ ಹಿಡಿದ ಹಾಗಾಯ್ತು. ಸ್ಟಿಲ್ಟ್ ಪಾರ್ಕಿಂಗ್ ಮೇಲೆ 7 ಮಹಡಿ ಇದ್ದರೆ ಟೆರೇಸ್ ಸೇರಿ 8 ಸ್ಲ್ಯಾಬ್, 700 ಕೆಎನ್. ಮಣ್ಣಿನ ಎಸ್‌ಬಿಸಿ (ಸುರಕ್ಷಿತವಾಗಿ ಹೊರಬಲ್ಲ ಭಾರ) ಚದರ ಮೀಟರಿಗೆ 200 ಕೆಎನ್ ಅಂತ ಹಿಡಿದರೆ ಮೂರೂವರೆ ಚದರ ಮೀಟರ್ ಫೂಟಿಂಗ್ ನಾಪತ್ತೆ.

ಎರಡು ಚೆಕ್ ಪಾಸಾದರೂ ಇಷ್ಟು ದೊಡ್ಡ ತಪ್ಪು ಹೇಗೆ ನುಸುಳಿತು? ಮೂರು ರಿಯಾಕ್ಷನ್ ಗೊತ್ತಿಲ್ಲ, ಇರೋ ಸಮತೋಲನದ ಸಮೀಕರಣ ಎರಡೇ. ಬಿ ಮೇಲೆ ಬೀಮನ್ನು ಬಾಗಿಸುವ ಮೊಮೆಂಟ್ ಎಷ್ಟಾದರೂ ಇಡಿ. 105 ಇಡಿ, 60 ಇಡಿ, ಸೊನ್ನೆ ಇಡಿ, ಬೇಕಾದರೆ ನಿಮ್ಮ ಫ್ಲ್ಯಾಟ್ ನಂಬರ್ ಇಡಿ. ಅದರಿಂದ ರಿಯಾಕ್ಷನ್ ತೆಗೆದರೆ ಟೋಟಲ್ 300 ಬಂದೇ ಬರುತ್ತದೆ, ಮೊಮೆಂಟ್ ಚೆಕ್ಕೂ ಆಗೇ ಆಗುತ್ತದೆ. ಹೋಟೆಲ್ ಬಿಲ್ ಮೂರು ಜನ ಸೇರಿ ಕೊಟ್ಟಾಗ ಒಟ್ಟು ಹಣ ಸರಿ ಬಂತು ಅಂದ ಮಾತ್ರಕ್ಕೆ ಯಾರ ಪಾಲು ಎಷ್ಟಿತ್ತು ಅಂತ ಗೊತ್ತಾಗಲ್ಲ, ಅಲ್ವಾ? ಪಾಲು ಹಂಚುವುದು ಬೀಮ್‌ನ ಬಾಗುವಿಕೆ. ಅದನ್ನು ಕೇಳದೆ ಉತ್ತರ ಸರಿಯೋ ತಪ್ಪೋ ಅಂತ ಹೇಳೋಕೆ ಆಗಲ್ಲ.

ಸರಿಯಾದ ಉತ್ತರ ಬಂದದ್ದು ಥ್ರೀ ಮೊಮೆಂಟ್ ಥಿಯರಮ್‌ನಿಂದ. ಒಂದರ ಪಕ್ಕ ಒಂದಿರುವ ಮೂರು ಸಪೋರ್ಟಿನ ಮೊಮೆಂಟುಗಳನ್ನು ಜೋಡಿಸುವ ಈ ಸೂತ್ರ ಫ್ರಾನ್ಸಿನ ಎಂಜಿನಿಯರ್ ಕ್ಲಾಪೇರಾನ್ 1857ರಲ್ಲಿ ಕೊಟ್ಟದ್ದು, ಇವತ್ತಿಗೂ ಎರಡು ಸ್ಪ್ಯಾನ್ (ಸಪೋರ್ಟುಗಳ ನಡುವಿನ ಭಾಗ) ಬೀಮ್‌ಗೆ ಇದಕ್ಕಿಂತ ಬೇಗ ಮುಗಿಯುವ ದಾರಿ ನನಗಂತೂ ಕಂಡಿಲ್ಲ. ಎರಡೂ ತುದಿ ಸುಮ್ನೆ ಕೂತಿದ್ದರೆ, ಒಂದೇ ಯುಡಿಎಲ್ ಇದ್ದರೆ, ಬೀಮ್ ಸೈಜ್ ಒಂದೇ ಆಗಿದ್ದರೆ, ಬಿ ಮೇಲಿನ ಹಾಗಿಂಗ್ ಮೊಮೆಂಟ್ (ಬೀಮನ್ನು ಮೇಲಕ್ಕೆ ಉಬ್ಬುವ ಹಾಗೆ ಬಾಗಿಸುವುದು) = 30 × (216 + 64) ÷ (8 × 10) = 105. ಇಲ್ಲಿ 216 ಮತ್ತು 64 ಅಂದರೆ 6ರ ಘನ, 4ರ ಘನ. ಆಮೇಲೆ ಸ್ಪ್ಯಾನ್ ಲೋಡಿನ ಅರ್ಧದಿಂದ ಕಳೆಯಿರಿ: ಎ = 90 − 105 ÷ 6 = 72.5. ಸಿ = 60 − 105 ÷ 4 = 33.75. ಉಳಿದದ್ದೆಲ್ಲ ಬಿ‌ಗೆ.

ಶೀಟಿನಲ್ಲಿ 105 ಸರಿಯಾಗೇ ಬಂದಿತ್ತು. ಕಳೆಯುವ ಜಾಗದಲ್ಲಿ ಕೂಡಿಸಿದ್ದರು, ಅಷ್ಟೇ. ಒಂದು ಪುಸ್ತಕದಲ್ಲಿ ಹಾಗಿಂಗ್ ಮೈನಸ್, ಇನ್ನೊಂದು ನೋಟ್ಸಿನಲ್ಲಿ ಹಾಗಿಂಗ್ ಪ್ಲಸ್, ಎರಡನ್ನೂ ಬೆರೆಸಿದರೆ ಇದೇ ಆಗೋದು. ಚಿಹ್ನೆ ನೆನಪಿಡುವ ಗೋಜೇ ಬೇಡ. ಯುಡಿಎಲ್ ಇರುವ ಇಂಥ ಬೀಮ್‌ನಲ್ಲಿ ಹಾಗಿಂಗ್ ಮೊಮೆಂಟ್ ತುದಿಯ ಸಪೋರ್ಟಿನ ಭಾರ ಇಳಿಸಿ ನಡುವಿನದರ ಮೇಲೆ ಹಾಕುತ್ತದೆ. ತುದಿಯ ರಿಯಾಕ್ಷನ್ ಸ್ಪ್ಯಾನ್ ಲೋಡಿನ ಅರ್ಧಕ್ಕಿಂತ, ಅಂದರೆ ಇಲ್ಲಿ 90ಕ್ಕಿಂತ, ಜಾಸ್ತಿ ಬಂತು ಅಂದರೆ ಪೆನ್ ಕೆಳಗಿಟ್ಟು ಚಿಹ್ನೆ ನೋಡಿ. ಎರಡು ಸಮ ಸ್ಪ್ಯಾನ್ ಇದ್ದರೆ ತುದಿಗೆ ಸ್ಪ್ಯಾನ್ ಲೋಡಿನ 0.375, ನಡುವೆ 1.25. ಮೂರು ಸಮ ಸ್ಪ್ಯಾನ್ ಇದ್ದರೆ 0.4, 1.1, 1.1, 0.4. ಇವೆರಡು ಬಾಯಲ್ಲಿದ್ದರೆ ಅರ್ಧ ತಪ್ಪು ಅಲ್ಲೇ ಸಿಗುತ್ತದೆ.

ನಿಜವಾದ ಚೆಕ್

ಬಿ ಸಪೋರ್ಟನ್ನು ತೆಗೆದುಬಿಡಿ. ಈಗ 10 ಮೀಟರ್ ಉದ್ದದ ಸಾದಾ ಬೀಮ್. ಯುಡಿಎಲ್‌ಗೆ ಬಿ ಇದ್ದ ಜಾಗ, ಎ‌ಯಿಂದ 6 ಮೀಟರ್, ಎಷ್ಟು ಕೆಳಗಿಳಿಯುತ್ತದೆ? 30 × 6 × (1000 − 720 + 216) ÷ 24 = 3720, ಇದನ್ನು ಇಐಯಿಂದ (ಬಾಗುವಿಕೆಗೆ ಬೀಮ್ ತೋರುವ ಬಿಗಿತ; ಇ ಕಾಂಕ್ರೀಟಿನದು, ಐ ಬೀಮ್ ಸೈಜಿನದು) ಭಾಗಿಸಬೇಕು. ಇನ್ನು ಅದೇ ಜಾಗದಲ್ಲಿ 1 ಕೆಎನ್ ಮೇಲಕ್ಕೆ ಎತ್ತಿದರೆ ಎಷ್ಟು ಏರುತ್ತದೆ? 36 × 16 ÷ (3 × 10) = 19.2, ಇದನ್ನೂ ಇಐಯಿಂದ ಭಾಗಿಸಿ. ಸಪೋರ್ಟ್ ಕದಲಬಾರದು, ಆದ್ದರಿಂದ ಬಿ = 3720 ÷ 19.2 = 193.75. ಥ್ರೀ ಮೊಮೆಂಟ್ ಹಾದಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಉತ್ತರ ಪೈಸೆ ಪೈಸೆ ಕೂಡಿತು. ಇದನ್ನು ಟ್ಯಾಲಿ ಅನ್ನಬೇಕು.

ತಪ್ಪು ಉತ್ತರವನ್ನು ಇದೇ ಚೆಕ್‌ಗೆ ಹಾಕಿ. 106.25 × 19.2 = 2040. 3720ರಲ್ಲಿ 1680 ಬಾಕಿ ಉಳಿಯಿತು. ಈ ಬೀಮ್‌ನ ಐ 0.00175 ಮೀಟರ್ ಘಾತ 4ರ ಹತ್ತಿರ, ಭಾರತದ ಕಾಂಕ್ರೀಟ್ ಕೋಡ್ ಐಎಸ್ 456ರ ಪ್ರಕಾರ ಎಂ25ರ ಇ 25,000 ಮೆಗಾಪ್ಯಾಸ್ಕಲ್, ಗುಣಿಸಿದರೆ ಇಐ ಸುಮಾರು 43,660. ಬಾಕಿ 1680 ಅಂದರೆ 38 ಮಿಲಿಮೀಟರ್. ಶೀಟಿನ ಉತ್ತರ ನಿಜ ಆಗಬೇಕಾದರೆ ನಡುವಿನ ಕಾಲಮ್ 38 ಮಿಲಿಮೀಟರ್ ಕೆಳಗೆ ಕುಸಿದು ಕೂತಿರಬೇಕು. ಹುಡುಗರಿಗೆ ಹೀಗೆ ಹೇಳಿದರೆ ತಕ್ಷಣ ತಲೆಗೆ ಹೋಗುತ್ತದೆ, ಬೋರ್ಡ್ ಮೇಲೆ ಕಂಪ್ಯಾಟಿಬಿಲಿಟಿ (ಬಾಗುವಿಕೆ ಸಪೋರ್ಟಿಗೆ ಹೊಂದಬೇಕು ಅನ್ನೋದು) ಅಂತ ಬರೆದರೆ ಹೋಗಲ್ಲ.

ವ್ಯತ್ಯಾಸದ ಗುರುತು

ಎರಡು ಉತ್ತರ ಕೂಡದೇ ಇದ್ದಾಗ ಮೊದಲ ಕೆಲಸ ಇನ್ನೊಮ್ಮೆ ಲೆಕ್ಕ ಮಾಡೋದಲ್ಲ. ಒಂದರಿಂದ ಇನ್ನೊಂದನ್ನು ಕಳೆದು ವ್ಯತ್ಯಾಸವನ್ನೇ ನೋಡಿ, ಅದು ಬಹಳ ಮಾತಾಡುತ್ತದೆ. ಮೇಲಿನ ಕೇಸಿನಲ್ಲಿ ಎ‌ಯಲ್ಲಿ 35 ಜಾಸ್ತಿ, ಸಿ‌ಯಲ್ಲಿ 52.5 ಜಾಸ್ತಿ, ಬಿ‌ಯಲ್ಲಿ 87.5 ಕಮ್ಮಿ. 35ಕ್ಕೆ 52.5 ಅಂದರೆ 2ಕ್ಕೆ 3, ಅಂದರೆ 4ಕ್ಕೆ 6, ಸ್ಪ್ಯಾನ್‌ಗಳ ತಿರುಗುಮುರುಗು. ಬಿ ಮೇಲಿನ ಮೊಮೆಂಟ್ ಒಂದರಲ್ಲೇ ತಪ್ಪಿದ್ದರೆ ಯಾವಾಗಲೂ ಹೀಗೇ ಬರುತ್ತದೆ, ಯಾಕೆಂದರೆ ಎ‌ಗೆ ಅದು 6ರಿಂದ ಭಾಗಿಸಿ ಹೋಗುತ್ತದೆ, ಸಿ‌ಗೆ 4ರಿಂದ. ಟೋಟಲ್ ಸರಿ ಇದ್ದು ಈ 2:3 ಕಂಡರೆ ಲೋಡ್ ಶೀಟ್ ತಿರುವಿಹಾಕುವ ಅಗತ್ಯ ಇಲ್ಲ, ನೇರ ಬಿ ಮೊಮೆಂಟಿಗೆ ಹೋಗಿ.

ಎ 90, ಬಿ 150, ಸಿ 60 ಅಂತ ಕರಾರುವಾಕ್ಕಾಗಿ ಬಂದರೆ ಬೀಮ್ ಬಿ ಮೇಲೆ ತುಂಡಾಗಿದೆ, ಎರಡು ಬೇರೆ ಬೇರೆ ಸಾದಾ ಬೀಮ್ ಆಗಿ ಕೆಲಸ ಮಾಡುತ್ತಿದೆ. ಸಾಫ್ಟ್‌ವೇರ್‌ನಲ್ಲಾದರೆ ಯಾರೋ ಮೆಂಬರ್ ತುದಿಗೆ ಮೊಮೆಂಟ್ ರಿಲೀಸ್ (ಮೊಮೆಂಟ್ ದಾಟದ ಕೀಲು) ಕೊಟ್ಟಿದ್ದಾರೆ. ಕೈಲೆಕ್ಕದಲ್ಲಾದರೆ ಟ್ರಿಬ್ಯೂಟರಿ ಏರಿಯಾ ಹಿಡಿದಿದ್ದಾರೆ, ಅರ್ಧ ಸ್ಪ್ಯಾನ್ ಈ ಕಡೆ, ಅರ್ಧ ಆ ಕಡೆ. ಟ್ರಿಬ್ಯೂಟರಿ ಲೆಕ್ಕ ಮೊದಲ ಅಂದಾಜಿಗೆ ಪರವಾಗಿಲ್ಲ, ಆದರೆ ತುದಿಯಿಂದ ಎರಡನೇ ಕಾಲಮ್‌ಗೆ ಅದು ಯಾವಾಗಲೂ ಮೋಸ ಮಾಡುತ್ತದೆ: ಇಲ್ಲಿ 150ರ ಜಾಗದಲ್ಲಿ 194, ಶೇ. 29 ಜಾಸ್ತಿ. ಸೈಟಿನಲ್ಲಿ ಫೂಟಿಂಗ್ ಗುಂಡಿ ತೋಡಿಸುವಾಗ ಗಡಿಬಿಡಿಯಲ್ಲಿ ಕೊಟ್ಟ ಕಾಲಮ್ ಲೋಡುಗಳು ಹೆಚ್ಚಾಗಿ ಇದೇ ಜಾತಿಯವು.

ಎ 150, ಬಿ 0, ಸಿ 150 ಬಂದರೆ ಬಿ ಸಪೋರ್ಟ್ ಬೀಮ್‌ಗೆ ಅಂಟೇ ಇಲ್ಲ. ಬೀಮ್ ಕಾಲಮ್ ಮೇಲೆ ಹಾದುಹೋಗಿದೆ, ಅಲ್ಲಿ ನೋಡ್ (ಎರಡೂ ಸೇರುವ ಬಿಂದು) ಇಲ್ಲ. ಒಂದು ಬೀಮ್ ಇನ್ನೊಂದರ ಮೇಲೆ ಕೂರುವ ಕಡೆಯೂ ಇದೇ ಕಥೆ. ಚಿತ್ರದಲ್ಲಿ ಎರಡೂ ಗೆರೆ ಒಂದನ್ನೊಂದು ದಾಟಿರುತ್ತವೆ, ಕಣ್ಣಿಗೆ ಕೂಡಿದ ಹಾಗೇ ಕಾಣುತ್ತದೆ. ಡಿಫ್ಲೆಕ್ಷನ್ ಚಿತ್ರ ಹಾಕಿ ಸ್ಕೇಲ್ ಜಾಸ್ತಿ ಮಾಡಿ ನೋಡಿ, ಸಪೋರ್ಟ್ ಇದ್ದಲ್ಲಿ ಬೀಮ್ ಆರಾಮಾಗಿ ಕೆಳಗೆ ಜೋತುಬಿದ್ದಿರುತ್ತದೆ.

ಟೋಟಲ್ಲೇ ತಪ್ಪಿದ್ದರೆ ಅದು ಲೋಡಿನ ತಪ್ಪು. ಇದು ಸುಲಭದ ರೋಗ, ಬೇಗ ಮುಗಿಸೋಣ. 450 ಬಂದರೆ ಒಬ್ಬರು ಸುರಕ್ಷತೆಗೆ ಅಂತ 1.5ರಿಂದ ಗುಣಿಸಿದ ಲೋಡ್ ಹಾಕಿದ್ದಾರೆ, ಇನ್ನೊಬ್ಬರು ಹಾಗೇ ಬಿಟ್ಟಿದ್ದಾರೆ. 26 ಹೆಚ್ಚುಕಮ್ಮಿ ಬಂದರೆ ಬೀಮ್‌ನ ಸ್ವಂತ ತೂಕ: 0.23 × 0.45 × 25 = ಮೀಟರಿಗೆ 2.6 ಕೆಎನ್, 10 ಮೀಟರಿಗೆ 26. ಸ್ಟಾಡ್‌ನಲ್ಲಿ ಸೆಲ್ಫ್‌ವೇಟ್ ಕಮಾಂಡ್ ಬಿಟ್ಟುಹೋಗಿರುತ್ತದೆ. ಈಟ್ಯಾಬ್ಸ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಾದರೆ ಉಲ್ಟಾ, ಡೆಡ್ ಲೋಡಿಗೂ (ಕಟ್ಟಡದ ಖಾಯಂ ತೂಕ) ಫಿನಿಶಿಂಗ್ ಲೋಡಿಗೂ ಸೆಲ್ಫ್‌ವೇಟ್ ಮಲ್ಟಿಪ್ಲೈಯರ್ 1 ಅಂತ ಕೊಟ್ಟು ಎರಡು ಸಲ ಹಿಡಿದಿರುತ್ತಾರೆ. 120ರ ಹತ್ತಿರ ವ್ಯತ್ಯಾಸ ಇದ್ದರೆ ಗೋಡೆ: 9 ಇಂಚಿನ ಇಟ್ಟಿಗೆ ಗೋಡೆ, ಮೇಲಿನ ಮಹಡಿಯ ಬೀಮ್ ಕೆಳಗೆ 2.55 ಮೀಟರ್ ಎತ್ತರ, ಪ್ಲಾಸ್ಟರ್ ಬಿಟ್ಟು ಮೀಟರಿಗೆ ಸುಮಾರು 12 ಕೆಎನ್. ಈಗ ಹಗುರವಾದ ಎಎಸಿ ಬ್ಲಾಕ್ ಬಂದಿದೆ, ಆರ್ಕಿಟೆಕ್ಟ್ ಯಾವುದು ಅಂತ ಖಚಿತ ಮಾಡುವ ಮುಂಚೆಯೇ ನಾವು ಒಂದನ್ನು ಹಿಡಿದುಬಿಟ್ಟಿರುತ್ತೇವೆ. ಇನ್ನು ಎಲ್ಲಾ ಉತ್ತರವೂ 9.81 ಪಟ್ಟು ಬೇರೆ ಇದ್ದರೆ ಟನ್ ಮತ್ತು ಕೆಎನ್ ಗಲಾಟೆ, ಅದನ್ನು ಹೇಳಬೇಕಾಗಿಲ್ಲ.

ಟೋಟಲ್ ಸರಿ, ಆದರೆ 2:3 ಇಲ್ಲ

ಇದು ಸ್ವಾರಸ್ಯದ ಕೇಸು. ಎರಡು ಉತ್ತರವೂ ತಪ್ಪಿರುವುದಿಲ್ಲ, ಎರಡು ಬೇರೆ ಬೀಮ್‌ಗಳ ಉತ್ತರ ಆಗಿರುತ್ತವೆ. ಕೈಲೆಕ್ಕದಲ್ಲಿ ಬೀಮ್ ಸುಮ್ನೆ ಕೂತಿದೆ. ಸಾಫ್ಟ್‌ವೇರ್‌ನಲ್ಲಿ ಅದು ಕಾಲಮ್ ಜೊತೆ ಎರಕವಾಗಿದೆ, ಸೈಟಿನಲ್ಲೂ ಹಾಗೇ. ಆಗ ಎ, ಸಿ ತುದಿಗಳಲ್ಲೂ ಮೊಮೆಂಟ್ ಹುಟ್ಟುತ್ತದೆ, ಅದು ತುದಿಯ ರಿಯಾಕ್ಷನ್ನನ್ನು ಮೇಲೆತ್ತುತ್ತದೆ.

ಎಷ್ಟು ಎತ್ತಬಹುದು? ಕೊನೆಯ ಮಿತಿ ತೆಗೆಯೋದು ಸುಲಭ. ಎ, ಸಿ ಎರಡನ್ನೂ ಪೂರ್ತಿ ಫಿಕ್ಸ್ (ಒಂದಿಷ್ಟೂ ತಿರುಗದ ಹಾಗೆ ಬಿಗಿ) ಅಂತ ಹಿಡಿದು ಅಮೆರಿಕದ ಎಂಜಿನಿಯರ್ ಹಾರ್ಡಿ ಕ್ರಾಸ್ 1930ರಲ್ಲಿ ಕೊಟ್ಟ ಮೊಮೆಂಟ್ ಡಿಸ್ಟ್ರಿಬ್ಯೂಷನ್ ಮಾಡಿ. ಬಿ‌ಯಲ್ಲಿ ಎಡಕ್ಕೆ 90, ಬಲಕ್ಕೆ 40, ಉಳಿದ 50ನ್ನು 0.4, 0.6 ಪಾಲಿನಲ್ಲಿ ಹಂಚಿದರೆ ಬಿ ಮೊಮೆಂಟ್ 70, ಎ‌ಯದು 100, ಸಿ‌ಯದು 25. ರಿಯಾಕ್ಷನ್ 95, 156.25, 48.75. ಒಂದೇ ರೌಂಡಿನಲ್ಲಿ ಮುಗಿಯಿತು. ಬಿ ಕಾಲಮ್ಮೂ ಅಷ್ಟೇ ಗಟ್ಟಿ ಇದ್ದರೆ ಬಿ 150ರ ಕಡೆ ಇನ್ನೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಈ ಬೀಮ್‌ಗೆ ಎ 72.5ರಿಂದ 95ರ ಒಳಗೆ, ಬಿ 150ರಿಂದ 194ರ ಒಳಗೆ ಇರಬೇಕು. ಸಾಫ್ಟ್‌ವೇರ್ ಉತ್ತರ ಈ ಅಂಚುಗಳ ನಡುವೆ ಇದ್ದರೆ ಅದನ್ನು ಒಪ್ಪಿಕೊಂಡು ಕಾಲಮ್ ಸೈಜ್ ನೋಡಿ. ಹೊರಗೆ ಹೋದರೆ ಬೇರೆ ಏನೋ ಇದೆ, ಹೆಚ್ಚಾಗಿ ಕಾಲಮ್ ಮೇಲಿನ ಮಹಡಿಯ ಭಾರವನ್ನೂ ಸೇರಿಸಿ ಓದಿರುತ್ತಾರೆ. ಫ್ರೇಮ್ ಮಾಡೆಲ್‌ನಲ್ಲಿ ರಿಯಾಕ್ಷನ್ ಟೇಬಲ್ ಬುಡದ ಸಪೋರ್ಟಿನದ್ದು, ಬೀಮ್‌ನದ್ದಲ್ಲ. ಬೀಮ್‌ನ ರಿಯಾಕ್ಷನ್ ಬೇಕಾದರೆ ಬಿ‌ಯ ಎಡ ಬಲ ಎರಡೂ ಕಡೆಯ ಶಿಯರ್ (ಬೀಮನ್ನು ಅಡ್ಡಲಾಗಿ ಕತ್ತರಿಸುವ ಬಲ) ತೆಗೆದು ಕೂಡಿಸಬೇಕು.

ಸುಮ್ನೆ ಕೂತ ಬೀಮ್‌ನ ಆಳ ಬೇರೆ ಬೇರೆ ಇದ್ದರೂ ಉತ್ತರ ಬದಲಾಗುತ್ತದೆ (ಈ ಒಂದು ಕೇಸಿನಲ್ಲಿ ವ್ಯತ್ಯಾಸ 2:3 ಪಾಲಿನಲ್ಲೇ ಇರುತ್ತದೆ), ಆದರೆ ಜನ ಹೆದರುವಷ್ಟಲ್ಲ. 6 ಮೀಟರ್ ಸ್ಪ್ಯಾನನ್ನು 600 ಆಳ ಮಾಡಿ, 4 ಮೀಟರನ್ನು 450 ಇಟ್ಟರೆ ಐ 2.37 ಪಟ್ಟು. ಜಾಸ್ತಿಯಾಗುವ ಸ್ವಂತ ತೂಕ ಬಿಟ್ಟು, ಅದೇ 30ಕ್ಕೆ ಲೆಕ್ಕ ಮಾಡಿದರೆ ಬಿ ಮೊಮೆಂಟ್ 105ರಿಂದ 89ಕ್ಕೆ ಬರುತ್ತದೆ. ಬಿ ರಿಯಾಕ್ಷನ್ ಮಾತ್ರ 194ರಿಂದ 187. ಮೊಮೆಂಟ್ ಶೇ. 15 ಇಳಿದರೆ ರಿಯಾಕ್ಷನ್ ಶೇ. 4ರ ಒಳಗೇ. ಫೂಟಿಂಗ್‌ಗೆ ಇದು ಲೆಕ್ಕಕ್ಕೇ ಇಲ್ಲ, ಬಿ ಮೇಲಿನ ಟಾಪ್ ಸ್ಟೀಲ್‌ಗೆ ಲೆಕ್ಕಕ್ಕಿದೆ.

ಕೋಡ್ ಟೇಬಲ್ ಹಿಡಿದು ಬಂದ ಉತ್ತರ

ಐಎಸ್ 456:2000ರ ಟೇಬಲ್ 13ರಲ್ಲಿ ಶಿಯರ್ ಕೋಎಫಿಷಿಯೆಂಟ್ ಇದೆ. ಡೆಡ್ ಲೋಡಿಗೆ ತುದಿ ಸಪೋರ್ಟಿನಲ್ಲಿ 0.4, ಅದರ ಪಕ್ಕದ ಸಪೋರ್ಟಿನ ಹೊರಗೆ 0.6, ಒಳಗೆ 0.55. ಲೈವ್ ಲೋಡಿಗೆ (ಜನ, ಸಾಮಾನಿನ ಭಾರ) 0.45, 0.6, 0.6. ಒಳ್ಳೆಯ ಟೇಬಲ್, ಆದರೆ ಮೂರು ಅಥವಾ ಜಾಸ್ತಿ ಸ್ಪ್ಯಾನ್ ಇರಬೇಕು, ಸ್ಪ್ಯಾನ್‌ಗಳ ನಡುವಿನ ವ್ಯತ್ಯಾಸ ಉದ್ದದ ಸ್ಪ್ಯಾನ್‌ನ ಶೇ. 15 ದಾಟಬಾರದು, ಸೈಜ್ ಒಂದೇ ಇರಬೇಕು, ಲೋಡ್ ಹೆಚ್ಚುಕಮ್ಮಿ ಯುಡಿಎಲ್ ಆಗಿರಬೇಕು. ನಮ್ಮ 6 ಮತ್ತು 4ರ ಬೀಮ್ ಇದರಲ್ಲಿ ಎರಡು ಷರತ್ತಿಗೆ ಬಿದ್ದುಹೋಯಿತು. ಪುಣೆಯ ಫ್ಲ್ಯಾಟುಗಳಲ್ಲಿ ಹಾಲ್, ಪ್ಯಾಸೇಜ್, ಟಾಯ್ಲೆಟ್ ಅಂತ ಸ್ಪ್ಯಾನ್ ಎಳೆದಾಡಿರುವಾಗ ಈ ಟೇಬಲ್ ಹೊಂದುವ ಬೀಮ್ ಹುಡುಕಿದರೂ ಸಿಗೋದು ಕಷ್ಟ.

ಲೈವ್ ಲೋಡ್ ಹಾಕುವ ಜಾಗದಲ್ಲೂ ಒಂದು ಎಡವಟ್ಟಿದೆ. ಡಿಸೈನ್ ಲೈವ್ ಲೋಡ್ ಡೆಡ್ ಲೋಡಿನ ಮುಕ್ಕಾಲು ದಾಟದಿದ್ದರೆ ಎಲ್ಲಾ ಸ್ಪ್ಯಾನಿನ ಮೇಲೂ ಪೂರ್ತಿ ಲೋಡ್ ಹಾಕಿದರೆ ಸಾಕು ಅಂತ ಕೋಡ್ ಬಿಟ್ಟುಕೊಡುತ್ತದೆ. ನಮ್ಮ 30ರಲ್ಲಿ 20 ಡೆಡ್, 10 ಲೈವ್ ಅಂತ ಇಡಿ. ಅರ್ಧವೇ ಇದೆ, ಕೋಡ್ ಪ್ರಕಾರ ಮುಗೀತು. ಆದರೂ ಲೈವ್ ಲೋಡನ್ನು 4 ಮೀಟರ್ ಸ್ಪ್ಯಾನ್ ಮೇಲೆ ಮಾತ್ರ ಇಟ್ಟು ನೋಡಿ: ಸಿ‌ಗೆ ಡೆಡ್‌ನಿಂದ 22.5, ಲೈವ್‌ನಿಂದ 18, ಒಟ್ಟು 40.5. ಎಲ್ಲಾ ಕಡೆ ಇಟ್ಟಾಗ ಬಂದದ್ದು 33.75. ಶೇ. 20 ಜಾಸ್ತಿ. ಅದೇ ಎ‌ಯಲ್ಲಿ ಲೈವ್ ಲೋಡನ್ನು 6 ಮೀಟರ್ ಸ್ಪ್ಯಾನ್ ಮೇಲೆ ಮಾತ್ರ ಇಟ್ಟರೂ 72.5 ಹೋಗಿ 73.8 ಆಗುತ್ತದೆ, ಅಷ್ಟೇ. ಸ್ಪ್ಯಾನ್ ಸಮ ಇಲ್ಲದಿದ್ದರೆ ಚಿಕ್ಕ ಸ್ಪ್ಯಾನ್‌ನ ಹೊರ ತುದಿಯನ್ನು ಒಂದು ಸಲ ಹೀಗೆ ನೋಡಿಬಿಡಿ, ಕೋಡ್ ಬೇಡ ಅಂದರೂ.

ಮೈನಸ್ ರಿಯಾಕ್ಷನ್

6 ಮೀಟರ್ ಹಾಲ್ ಪಕ್ಕ 2.4 ಮೀಟರ್ ಪ್ಯಾಸೇಜ್ ಬಂದರೆ ಬಿ ಮೊಮೆಂಟ್ 102.6. ಸಿ = 36 − 102.6 ÷ 2.4 = −6.75. ಸಾಫ್ಟ್‌ವೇರ್ ಇದನ್ನು ತೋರಿಸಿದಾಗ ಹುಡುಗರು ಬಗ್ ಅಂದುಕೊಂಡು ಸೊನ್ನೆ ಬರೆದುಬಿಡುತ್ತಾರೆ. ಬಗ್ ಅಲ್ಲ, ಬೀಮ್ ತುದಿ ನಿಜವಾಗಿ ಮೇಲೇಳಲು ನೋಡುತ್ತಿದೆ. ಸುಮ್ನೆ ಕೂತ 6 ಮೀಟರ್ ಸ್ಪ್ಯಾನ್ ಪಕ್ಕ ಸುಮಾರು 2.6ಕ್ಕಿಂತ ಚಿಕ್ಕ ಸ್ಪ್ಯಾನ್ ಇದ್ದು ಎರಡರ ಮೇಲೂ ಒಂದೇ ಯುಡಿಎಲ್ ಇದ್ದರೆ ಇದು ಬರಲೇಬೇಕು. ಸಿ‌ಯಲ್ಲಿ ಮೇಲೆ ಕಾಲಮ್ ಇದ್ದು ಭಾರ ಕೂತಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಅದರಲ್ಲಿ 6.75 ಕಳೆದುಹೋಗುತ್ತದೆ. ಬೀಮ್ ತುದಿ ಬರೀ ಗೋಡೆ ಮೇಲೆ ಕೂತಿದ್ದರೆ, ಅಥವಾ ಅದು ಟೆರೇಸ್ ಬೀಮ್ ಆಗಿದ್ದರೆ, ಕೆಳಗೆ ಹಿಡಿದಿಡುವ ಸರಳು ಕೊಡಬೇಕು. ಸೊನ್ನೆ ಬರೆದದ್ದರ ಇನ್ನೊಂದು ಪರಿಣಾಮ: ಆ 6.75 ಬಿ‌ಯ ಲೆಕ್ಕದಲ್ಲಿ ಆಗಲೇ ಸೇರಿದೆ. ಸಿ ಸೊನ್ನೆ ಮಾಡಿದರೆ ಟೋಟಲ್ ತಪ್ಪುತ್ತದೆ, ಆಗ ಟೋಟಲ್ ಸರಿ ಮಾಡಲು ಬಿ‌ಯಿಂದ ಕಳೆಯುವವರೂ ಇದ್ದಾರೆ.

ಕುಸಿತ

ಕೊನೆಗೆ, ಚಿಹ್ನೆ ಸರಿ, ಲೋಡ್ ಸರಿ, ಬೀಮ್ ಸೈಜೂ ಒಂದೇ, ತುದಿಗಳೂ ಸುಮ್ನೆ ಕೂತಿವೆ, ಆದರೂ ವ್ಯತ್ಯಾಸ 2:3 ಪಾಲಿನಲ್ಲೇ ಬರುತ್ತಿದೆ ಅಂದರೆ ಸಪೋರ್ಟ್ ಕದಲಿದೆ. ಬಿ 10 ಮಿಲಿಮೀಟರ್ ಕುಸಿದರೆ 0.010 × 43,660 ÷ 19.2, ಸುಮಾರು 22.7 ಕೆಎನ್ ಬಿ‌ಯಿಂದ ಹೋಗುತ್ತದೆ. ಎ‌ಗೆ 9.1, ಸಿ‌ಗೆ 13.6 ಸೇರುತ್ತದೆ, ಮತ್ತೆ ಅದೇ 2:3. ರಿಯಾಕ್ಷನ್ ದೃಷ್ಟಿಯಿಂದ ಇದು ದೊಡ್ಡದಲ್ಲ. ಬಿ ಮೇಲಿನ ಹಾಗಿಂಗ್ ಮಾತ್ರ 105ರಿಂದ 50ಕ್ಕೆ ಬೀಳುತ್ತದೆ, ಆ ಮೊಮೆಂಟ್ ಸ್ಪ್ಯಾನ್ ನಡುವಿಗೆ ಹೋಗುತ್ತದೆ, ಅಲ್ಲಿ ಬಾಟಮ್ ಸ್ಟೀಲ್ ಸಾಲದೆ ಕೆಳಗೆ ಕ್ರ್ಯಾಕ್ ಕಾಣಿಸಿಕೊಳ್ಳಬಹುದು. ಕಾಂಕ್ರೀಟ್ ಕ್ರ್ಯಾಕ್ ಆದ ಮೇಲೆ, ಕ್ರೀಪ್ (ಭಾರದ ಕೆಳಗೆ ನಿಧಾನವಾಗಿ ಜಗ್ಗುವುದು) ಆದ ಮೇಲೆ ಇಐ ಕಮ್ಮಿ ಆಗುವುದರಿಂದ ನಿಜವಾದ ಪರಿಣಾಮ ಈ 22.7ಕ್ಕಿಂತ ಕಮ್ಮಿಯೇ.

ಪುಣೆಯಲ್ಲಿ ಈ ಪ್ರಶ್ನೆ ಸುಮ್ನೆ ಏಳುವುದಲ್ಲ. ಕೆಳಗೆ ಕರಿ ಬಸಾಲ್ಟ್ ಬಂಡೆ, ಅದರ ಮೇಲೆ ಮುರುಮ್ (ಶಿಥಿಲವಾದ ಬಂಡೆಯ ಗರಸು), ನದಿ ಕಡೆಯ ಜಾಗಗಳಲ್ಲಿ ಇನ್ನೂ ಮೇಲೆ ಎರೆ ಮಣ್ಣು. ಒಂದೇ ಪ್ಲಾಟಿನಲ್ಲಿ ಒಂದು ಫೂಟಿಂಗ್ ಬಂಡೆ ಮೇಲೆ, ಪಕ್ಕದ್ದು ಮುರುಮ್ ಮೇಲೆ ಕೂರುವುದು ಹೊಸದೇನಲ್ಲ. ಅದಕ್ಕೇ ಕೆಲವರು ಮಾಡೆಲ್‌ನಲ್ಲಿ ಗಟ್ಟಿ ಸಪೋರ್ಟ್ ಬದಲು ಸ್ಪ್ರಿಂಗ್ (ಭಾರಕ್ಕೆ ತಕ್ಕಷ್ಟು ಕುಸಿಯುವ ಸಪೋರ್ಟ್) ಕೊಡುತ್ತಾರೆ. ಬಿ‌ಗೆ ಮೀಟರಿಗೆ 20,000 ಕೆಎನ್ ಸ್ಪ್ರಿಂಗ್ ಕೊಟ್ಟು, ಎ, ಸಿ ಗಟ್ಟಿ ಬಿಟ್ಟರೆ ಬಿ = 3720 ÷ (19.2 + 2.18), 174 ಬರುತ್ತದೆ (2.18 ಅಂದರೆ 43,660 ÷ 20,000), ಕುಸಿತ 8.7 ಮಿಲಿಮೀಟರ್. ಕೈಲೆಕ್ಕ 193.75, ಮಾಡೆಲ್ 174, ಟೋಟಲ್ ಎರಡರಲ್ಲೂ 300. ಇಂಥ ಫೈಲ್ ಇನ್ನೊಬ್ಬರಿಂದ ಕೈಗೆ ಬಂದಾಗ ಮೊದಲು ಸಪೋರ್ಟ್ ಟೇಬಲ್ ತೆರೆದು ಸ್ಪ್ರಿಂಗ್ ಇದೆಯಾ ನೋಡಿ, ಆಮೇಲೆ ಲೋಡ್ ಕೇಸುಗಳಲ್ಲಿ ಸಪೋರ್ಟ್ ಡಿಸ್‌ಪ್ಲೇಸ್‌ಮೆಂಟ್ ಹಾಕಿ ಮರೆತಿದ್ದಾರಾ ನೋಡಿ. ಸ್ಪ್ರಿಂಗ್ ಇದ್ದರೆ ಆ 20,000 ಸಾಯಿಲ್ ರಿಪೋರ್ಟಿನ ಯಾವ ಪುಟದಿಂದ ಬಂತು ಅಂತ ಕೇಳಿ. ಪುಟ ಸಿಗದಿದ್ದರೆ ಸ್ಪ್ರಿಂಗ್ ತೆಗೆದು ಒಂದು ಸಲ ಓಡಿಸಿ, ಎರಡರಲ್ಲಿ ಬಿ ಕಾಲಮ್‌ಗೆ ದೊಡ್ಡದನ್ನೂ ಬಾಟಮ್ ಸ್ಟೀಲ್‌ಗೆ ಸ್ಪ್ರಿಂಗ್ ಇದ್ದದ್ದನ್ನೂ ಹಿಡಿದು ಮುಂದಕ್ಕೆ ಹೋಗಿ.